ಒಂದೇ ಈಡಿಗೆ ಬಿದ್ದದ್ದಾ, ಹತ್ತೊಂಬತ್ತನೇ ಈಡಿಗಾ?

ಡೆನ್ವರ್ ಮೈಸೂರಿಗ:
ಎಲ್ಲರಿಗೂ ನಮಸ್ಕಾರ. ಜೂನ್ ಎರಡನೇ ವಾರ ಆಫೀಸಿನ ಇಬ್ಬರ ಜೊತೆ ಸೌತ್ ಡಕೋಟಾಗೆ ಹೊರಟಿದ್ದೇನೆ. ಅವರಲ್ಲೊಬ್ಬನ ಮಾವನಿಗೆ ಅಲ್ಲಿ ದನದ ರ‍್ಯಾಂಚ್ ಇದೆ. ಹುಲ್ಲುಗಾವಲಿನ ತುಂಬ ಪ್ರೇರಿ ಡಾಗ್ ಬಿಲ (ಹೆಸರಷ್ಟೇ ಡಾಗ್, ಅಳಿಲಿನ ಜಾತಿಯ ಪ್ರಾಣಿ). ಮೂರು ದಿನ ಹೊಡೆಯಲು ಕರೆದಿದ್ದಾರೆ. ನನ್ನ ಅನುಭವ ಅಂದರೆ ಎನ್‌ಸಿಸಿಯಲ್ಲಿ .22, ಇಲ್ಲಿ 100 ಗಜದ ರೇಂಜ್, ಅಷ್ಟೇ. ಹೋದ ವರ್ಷ ಒಂದು .223 ಕೋವಿ ತೆಗೆದುಕೊಂಡೆ. ಕೋವಿಯ ಮೇಲೆ ಕೂರಿಸುವ ದುರ್ಬೀನಿಗೆ, ಅಂದರೆ ಸ್ಕೋಪಿಗೆ, 600 ಡಾಲರ್ ಇಟ್ಟಿದ್ದೇನೆ. 400 ಗಜ ಆಗುತ್ತದಾ? ನೀವು ಇವತ್ತಿಗೂ ಮರೆಯದ ದೂರದ ಹೊಡೆತ ಯಾವುದು, ಯಾವ ಕೋವಿ, ದಯವಿಟ್ಟು ಹೇಳಿ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ.

ಪೊನ್ನಂಪೇಟೆ ಕೋವಿ:
512 ಗಜ. ವ್ಯೋಮಿಂಗ್, 2019, ಬೆಳಿಗ್ಗೆ ಏಳೂವರೆ. .22-250 ಕೋವಿ, 55 ಗ್ರೇನ್ ತೂಕದ ಗುಂಡು. ಅದಕ್ಕೆ ಮೊದಲು ನಾನು ಹೊಡೆದಿದ್ದು ಊರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿ. ಅಲ್ಲಿ ಕೈ ನಡುಗದಿದ್ದರೆ ಸಾಕು. ಇಲ್ಲಿ ಗಾಳಿಯೇ ಎಲ್ಲ.

ಇಳಿಜಾರಿನಲ್ಲಿ ಒಂದು ಮಣ್ಣಿನ ದಿಬ್ಬ. ಮೇಲೆ ಒಂದು ಪ್ರೇರಿ ಡಾಗ್ ಎದ್ದು ನಿಂತಿತ್ತು. ನನ್ನ ಹತ್ತಿರದ ಹುಲ್ಲು ಬಲಕ್ಕೆ ಬಾಗುತ್ತಿತ್ತು, ದಿಬ್ಬದ ಹತ್ತಿರದ್ದು ಅಲ್ಲಾಡುತ್ತಲೇ ಇರಲಿಲ್ಲ. ಯಾವುದನ್ನು ನಂಬಬೇಕು? ಮೊದಲ ಈಡು ಎರಡಡಿ ಬಲಕ್ಕೆ ಧೂಳೆಬ್ಬಿಸಿತು. ಅದು ಬಿಲಕ್ಕಿಳಿಯಿತು, ಐದು ನಿಮಿಷಕ್ಕೆ ಮತ್ತೆ ಎದ್ದಿತು. ನಾನೂ ಬಿಡಲಿಲ್ಲ. ಭಾವ ಗುಂಡು ಬಿದ್ದ ಜಾಗ ನೋಡುವ ಸ್ಪಾಟಿಂಗ್ ಸ್ಕೋಪ್ ಹಿಡಿದು "ಇನ್ನೂ ಎಡ, ಇನ್ನೂ ಎಡ" ಅನ್ನುತ್ತಿದ್ದ. ಹತ್ತೊಂಬತ್ತನೇ ಈಡಿಗೆ ಬಿತ್ತು. ಭಾವ ಕುಣಿದುಬಿಟ್ಟ. ಆ ಖಾಲಿ ತೋಟಾ ಈಗಲೂ ನನ್ನ ಮೇಜಿನ ಮೇಲಿದೆ.

ಅದೇ ಹುಮ್ಮಸ್ಸಿನಲ್ಲಿ ಸಂಜೆ ಒಳಗೆ 280 ಗುಂಡು ಹಾರಿಸಿದೆ. ನಳಿಗೆ ಮುಟ್ಟಲಾಗದಷ್ಟು ಕಾದಿತ್ತು. ಮುಕ್ಕಾಲು ಇಂಚಿಗೆ ಕೂರುತ್ತಿದ್ದ ಗುಂಡುಗಳು ಮುಂದಿನ ವರ್ಷ ಎರಡು ಇಂಚಿಗೆ ಹರಡಿದವು. ನಳಿಗೆಯ ಬುಡ ಸುಟ್ಟುಹೋಗಿತ್ತು. ಹೊಸ ನಳಿಗೆ, ಕೂಲಿ ಸೇರಿ 640 ಡಾಲರ್. ಆರು ವಾರ ಅಂದ ರಿಪೇರಿಯವನು ಐದು ತಿಂಗಳು ಮಾಡಿದ. ಒಂದು ಬೇಟೆ ಕಾಲವೇ ಹೋಯಿತು. ಆದರೂ .22-250 ಬಿಟ್ಟು ಬೇರೆ ಮುಟ್ಟುವುದಿಲ್ಲ.

ಅಯೋವಾ ಹಾಸನದವನು:
ಹತ್ತೊಂಬತ್ತು ಗುಂಡಿಗೆ ಒಂದು ಬಿದ್ದರೆ ಅದು ಹೊಡೆತವಾ ಸರ್? ಒಂದೇ ಕಡೆ ಕಲ್ಲು ಎಸೆಯುತ್ತಾ ಇದ್ದರೆ ಒಂದಾದರೂ ತಗಲುತ್ತದೆ. ಎಂಓಎ ಅಂದರೆ ಕೋನದ ಅಳತೆ, ದೂರ ಹೆಚ್ಚಿದಷ್ಟೂ ಅಗಲವಾಗುತ್ತದೆ. 500 ಗಜದಲ್ಲಿ ಒಂದು ಎಂಓಎ ಅಂದರೆ 5 ಇಂಚು ದಾಟುತ್ತದೆ. ಪ್ರಾಣಿಯ ಅಗಲ 4 ಇಂಚು ಇದ್ದರೆ ಹೆಚ್ಚು. ಕೋವಿ ಒಂದು ಎಂಓಎಗೆ ಹೊಡೆದರೂ, ಗಾಳಿ ಲೆಕ್ಕ ಪೂರ್ತಿ ಸರಿ ಇದ್ದರೂ, ತಪ್ಪಬಹುದು. ಲೆಕ್ಕ ಅಷ್ಟೇ.

ನನ್ನದು 340 ಗಜ, .223, ಮೊದಲ ಗುಂಡು. ಆ ದಿನದ ಮೊದಲ ಗುಂಡೂ ಅದೇ. ನಳಿಗೆ ತಣ್ಣಗಿತ್ತು. 400 ಗಜಕ್ಕೆ .223 ಸಾಲದು ಅನ್ನುವವರು ಗಾಳಿ ಓದಲು ಕಲಿತಿಲ್ಲ. ಗಂಟೆಗೆ 10 ಮೈಲಿ ಅಡ್ಡಗಾಳಿ ಇದ್ದರೆ 55 ಗ್ರೇನ್ ಗುಂಡು 300 ಗಜದಲ್ಲಿ ಸುಮಾರು ಒಂದಡಿ ಸರಿಯುತ್ತದೆ. 500ರಲ್ಲಿ ಮೂರಡಿ. ಇದನ್ನು ಕೋವಿಯ ಹಿಡಿಗೆ ಚೀಟಿ ಅಂಟಿಸಿ ಇಟ್ಟುಕೊಂಡಿದ್ದೆ.

ಈ ಒಂದು ಗುಂಡಿಗೆ ನನಗಾದ ಖರ್ಚು ಕೇಳಿ. ಕೋವಿ 780. ಸ್ಕೋಪ್ 1,150. ಆ ಸ್ಕೋಪೇ ನನ್ನನ್ನು ಮುಳುಗಿಸಿದ್ದು. ಒಳಗಿನ ಗೆರೆಗಳು ಮಿಲ್‌ ಅನ್ನುವ ಇನ್ನೊಂದು ಕೋನದ ಅಳತೆಯಲ್ಲಿ, ಮೇಲಿನ ತಿರುಗಣೆ ಎಂಓಎಯಲ್ಲಿ. ಅಂಗಡಿಯವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೆರೆಯಲ್ಲಿ ಒಂದು ಮಿಲ್ ಕೆಳಗೆ ಬಿತ್ತು ಅಂತ ಕಂಡರೆ ಒಂದು ಎಂಓಎ ತಿರುಗಿಸುತ್ತಿದ್ದೆ. ಒಂದು ಮಿಲ್ ಅಂದರೆ ಸುಮಾರು ಮೂರೂವರೆ ಎಂಓಎ! ಎರಡು ದಿನ, 210 ಗುಂಡು, ಎಲ್ಲಾ ಮಣ್ಣಿಗೆ. ಕೋವಿ ಕೆಟ್ಟಿದೆ ಅಂದುಕೊಂಡು 90 ಡಾಲರ್ ಕೊಟ್ಟು ತೋರಿಸಿದೆ. ಆ ಸ್ಕೋಪನ್ನು 700ಕ್ಕೆ ಮಾರಿ ಇನ್ನೊಂದು 900ಕ್ಕೆ ತಂದೆ. 2020ರಲ್ಲಿ ತೋಟಾ ಸಿಗದೆ ಹೋದಾಗ 20ರ ಪೆಟ್ಟಿಗೆಗೆ 24 ಡಾಲರ್ ಕೊಟ್ಟಿದ್ದೇನೆ. ಮನೆಯವಳಿಗೆ ಇವತ್ತಿಗೂ ಪೂರ್ತಿ ಲೆಕ್ಕ ಗೊತ್ತಿಲ್ಲ.

ಸ್ಪೋಕೇನ್ ಸವಿತಾ:
340, 512 ಅಂತ ಯಾಕೆ ಕಿತ್ತಾಡುತ್ತೀರಿ? ನನ್ನ ನೆನಪಿನ ಹೊಡೆತ 187 ಗಜ. .17 ಎಚ್‌ಎಂಆರ್, 17 ಗ್ರೇನಿನ ಗುಂಡು. ಇಷ್ಟು ಹಗುರದ ಗುಂಡಿಗೆ 187 ಎಷ್ಟು ದೂರ ಅಂತ ಹೊಡೆದವರಿಗೇ ಗೊತ್ತು. ಉಸಿರು ಬಿಟ್ಟರೂ ಪಕ್ಕಕ್ಕೆ ಹೋಗುತ್ತದೆ ಅನ್ನಿಸುತ್ತದೆ. ಒದೆತ ಇಲ್ಲವೇ ಇಲ್ಲ. ಗುಂಡು ತಗುಲಿದ್ದು, ಅದು ಬಿದ್ದದ್ದು ನನ್ನ ಸ್ಕೋಪಿನಲ್ಲೇ ಕಂಡೆ. ಭಾವ ಬಂದು ಹೇಳಬೇಕಾಗಲಿಲ್ಲ.

ಮೊದಲು ನಾನೂ ಗಂಡನ ಮಾತು ಕೇಳಿ .243 ಹಿಡಿದಿದ್ದೆ. ಪ್ರತಿ ಸಲ ಕೋವಿ ಎಗರುತ್ತಿತ್ತು. ಕಣ್ಣು ಮತ್ತೆ ಸ್ಕೋಪಿಗೆ ಬರುವಷ್ಟರಲ್ಲಿ ಎಲ್ಲಾ ಮುಗಿದಿರುತ್ತಿತ್ತು. ಎರಡು ದಿನಕ್ಕೆ ಭುಜ ನೀಲಿ. ಮೂರನೇ ದಿನ ಜ್ವರ. ಜ್ವರ ಬಂದಾಗ ಚಿಗಟ ಕಚ್ಚಿ ಪ್ಲೇಗ್ ಬಂತಾ ಅಂತ ಹೆದರಿ ತುರ್ತು ಚಿಕಿತ್ಸೆಗೆ ಓಡಿದೆವು. ಪ್ರೇರಿ ಡಾಗ್ ಬಿಲಗಳಲ್ಲಿ ಪ್ಲೇಗ್ ಇರುತ್ತದೆ, ಸುಳ್ಳಲ್ಲ. ನನ್ನದು ಸುಮ್ನೆ ಬಿಸಿಲಿನ ಜ್ವರ. ಬಿಲ್ ಮಾತ್ರ 1,380 ಡಾಲರ್. ಸತ್ತದ್ದನ್ನು ಕೈಯಲ್ಲಿ ಮುಟ್ಟಬೇಡಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ.

ಪೊನ್ನಂಪೇಟೆ ಕೋವಿ:
ಹಾಸನದವರೇ, ಮರಕ್ಕೆ ಕಲ್ಲು ಎಸೆದ ಹಾಗೆ ಹೊಡೆದಿಲ್ಲ ನಾನು. ಪ್ರತಿ ಈಡಿಗೂ ಬಿದ್ದ ಜಾಗ ನೋಡಿ ತಿದ್ದಿದ್ದೇನೆ. ಮಿಲ್ ಯಾವುದು, ಎಂಓಎ ಯಾವುದು ಅಂತ ಗೊತ್ತಿಲ್ಲದೆ 210 ಗುಂಡು ಮಣ್ಣಿಗೆ ಹಾಕಿದವರು ನನಗೆ ಲೆಕ್ಕ ಹೇಳುವುದು ಬೇಡ. ಸವಿತಾ ಅಕ್ಕ, ಭಾವ ಸ್ಪಾಟ್ ಮಾಡಿದ್ದರಲ್ಲಿ ಅವಮಾನ ಏನಿದೆ? ದೂರಕ್ಕೆ ಹೊಡೆಯುವವರೆಲ್ಲ ಇಬ್ಬರಾಗಿಯೇ ಕೂರುತ್ತಾರೆ.

ತೀರ್ಥಹಳ್ಳಿ ತೋಟ:
ನೀವೆಲ್ಲ ಪುಣ್ಯವಂತರು. ನನ್ನ ಅಡಿಕೆ ತೋಟಕ್ಕೆ ದಿನಾ ಮಂಗನ ಹಿಂಡು. ಎಳೆ ಕಾಯಿ ಚೀಪಿ ಬಿಸಾಕುತ್ತವೆ. ರಾತ್ರಿ ಹಂದಿ. ನನ್ನ ಹತ್ತಿರ ಇರುವುದು ಅಪ್ಪನ ಕಾಲದ ತೋಟಾ ಕೋವಿ, ಬೆಳೆ ರಕ್ಷಣೆಯ ಲೈಸೆನ್ಸ್. ರಕ್ಷಣೆ ಅಂದರೆ ಆಕಾಶಕ್ಕೆ ಹಾರಿಸಿ ಸದ್ದು ಮಾಡುವುದು. ಪ್ರಾಣಿಗೆ ತಗುಲಿದರೆ 1972ರ ವನ್ಯಜೀವಿ ಕಾಯ್ದೆ. ನನಗೆ ಮರೆಯದ ದೂರದ ಹೊಡೆತ ಅಂದರೆ ಹೋದ ದೀಪಾವಳಿಯಲ್ಲಿ ಕೆಳಗಿನ ತೋಟದ ಅಂಚಿನಿಂದ ಹಾರಿಸಿದ್ದು. ಮೇಲಿನ ಗುಡ್ಡದಿಂದ ಇಳಿಯುತ್ತಿದ್ದ ಹಿಂಡು ಪೂರ್ತಿ ವಾಪಸ್ ಹೋಯಿತು. ನಾಲ್ಕು ದಿನ ಬರಲಿಲ್ಲ. ಐದನೇ ದಿನ ಬಂದವು.

ಆ ಲೈಸೆನ್ಸ್ ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ಬರಲು ಕಚೇರಿಗೆ ಹನ್ನೊಂದು ಸಲ ಅಲೆದಿದ್ದೇನೆ. ಬಸ್ಸು, ಊಟ, ಜೆರಾಕ್ಸ್, ವಕೀಲರು ಸೇರಿ 14,600 ರೂಪಾಯಿ. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಒಪ್ಪಿಸಬೇಕು. ಕಳೆದ ಸಲ ಕಾಯಿ ಬಲಿಯುವ ಹೊತ್ತಿಗೇ ಕೋವಿ ಅಲ್ಲಿತ್ತು. ಬರುವಾಗ ನಳಿಗೆಯೊಳಗೆ ತುಕ್ಕು. ಪೊನ್ನಂಪೇಟೆಯವರಿಗೆ ಇದೆಲ್ಲ ಏನು ಗೊತ್ತು, ಲೈಸೆನ್ಸೇ ಬೇಡವಲ್ಲ!

ಪೊನ್ನಂಪೇಟೆ ಕೋವಿ:
ಇಲ್ಲಿಗೂ ಬಂತಾ ಆ ಮಾತು? 1861ರಿಂದ ಇರುವ ವಿನಾಯಿತಿ ಅದು. ಕೊಡವರಿಗೆ, ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿ ಹಿಡುವಳಿದಾರರಿಗೆ ಇದೆ. ಹುಟ್ಟಿಗೆ ಒಂದು ಈಡು, ಸಾವಿಗೆ ಎರಡು. ನಮ್ಮ ಮನೆಯಲ್ಲಿ ಕೋವಿಗೆ ಪೂಜೆ ಮಾಡಿಯೇ ಮುಟ್ಟುವುದು. ಬೇಟೆಗೆ ಯಾವ ವಿನಾಯಿತಿಯೂ ಇಲ್ಲ. 1972ರ ಕಾಯ್ದೆ ನಿಮಗೂ ನಮಗೂ ಒಂದೇ. ನಮ್ಮ ಕಾಫಿ ತೋಟಕ್ಕೆ ಬರುವುದು ಮಂಗ ಅಲ್ಲ, ಆನೆ. ಅದಕ್ಕೆ ಕೋವಿ ಏನು ಮಾಡುತ್ತದೆ ಹೇಳಿ?

ತೀರ್ಥಹಳ್ಳಿ ತೋಟ:
ಪೂಜೆ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ಹನ್ನೊಂದು ಸಲ ಅಲೆದ ನೋವು ಹೇಳಿದೆ, ಅಷ್ಟೇ.

ಬೋಲ್ಡರ್ ಗೂಬೆ:
ನಾನು ಕೋವಿ ಹಿಡಿಯುವವಳಲ್ಲ. ಆದರೂ ಇದನ್ನು ಹೇಳದೆ ಇರಲಾರೆ. ನೀವು ಕಾಟ ಅನ್ನುವ ಆ ಬಿಲಗಳಲ್ಲೇ ಬಿಲಗೂಬೆ ಮರಿ ಮಾಡುತ್ತದೆ. ಮುಂಗುಸಿಯಂತೆ ಕಾಣುವ ಕಪ್ಪು ಕಾಲಿನ ಫೆರೆಟ್ ಬದುಕಿರುವುದೇ ಪ್ರೇರಿ ಡಾಗ್ ತಿಂದು. ಅದು ಪೂರ್ತಿ ಅಳಿದೇ ಹೋಯಿತು ಅಂದುಕೊಂಡಿದ್ದಾಗ, 1981ರಲ್ಲಿ ವ್ಯೋಮಿಂಗ್‌ನ ಮೀಟೀಟ್ಸಿ ಹತ್ತಿರ ಒಂದು ರ‍್ಯಾಂಚಿನ ನಾಯಿ ಸತ್ತ ಫೆರೆಟ್ ಕಚ್ಚಿಕೊಂಡು ಬಂತು. ಇವತ್ತು ಇರುವ ಫೆರೆಟ್‌ಗಳೆಲ್ಲ ಅಲ್ಲಿ ಸಿಕ್ಕವುಗಳ ಸಂತತಿ. ಸೌತ್ ಡಕೋಟಾದ ಕೊನಾಟಾ ಬೇಸಿನ್‌ನಲ್ಲಿ ಫೆರೆಟ್ ಬಿಟ್ಟಿದ್ದಾರೆ. ಅಲ್ಲಿಗೆ 2008ರಲ್ಲಿ ಪ್ಲೇಗ್ ಬಂದು ಊರಿಗೆ ಊರೇ ಖಾಲಿಯಾದ ಹಾಗೆ ಬಿಲಗಳು ಖಾಲಿಯಾದವು. ನಾನು ಅಲ್ಲಿ ಎರಡು ಬೇಸಿಗೆ ಬಿಲಕ್ಕೆ ಚಿಗಟ ಸಾಯುವ ಪುಡಿ ಹಾಕುವ ಕೆಲಸ ಮಾಡಿದ್ದೇನೆ. ಬೆನ್ನು ಇವತ್ತಿಗೂ ನೋಯುತ್ತದೆ. ಗುಂಡಿನ ಸೀಸದ ಚೂರು ಸತ್ತ ಪ್ರಾಣಿಯಲ್ಲಿ ಉಳಿಯುತ್ತದೆ. ಗಿಡುಗ ಅದನ್ನು ತಿನ್ನುತ್ತದೆ. ಹೋಗಲೇಬೇಕು ಅಂದರೆ ತಾಮ್ರದ ಗುಂಡು ತೆಗೆದುಕೊಂಡು ಹೋಗಿ.

ಅಯೋವಾ ಹಾಸನದವನು:
ಮೇಡಂ, ಅವರು ಹೋಗುತ್ತಿರುವುದು ಖಾಸಗಿ ರ‍್ಯಾಂಚಿಗೆ. ಹುಲ್ಲು ಹೋದರೆ ದನ ಸಾಕುವವನ ಗತಿ ಏನು? ತೀರ್ಥಹಳ್ಳಿಯವರ ಅಡಿಕೆಗೆ ಮರುಗುತ್ತೀರಿ, ಇವನ ಹುಲ್ಲಿಗೆ ಯಾಕಿಲ್ಲ?

ಬೋಲ್ಡರ್ ಗೂಬೆ:
ಅಡಿಕೆ ಬಗ್ಗೆ ನಾನು ಮಾತೇ ಆಡಿಲ್ಲ. ಓದಿ ಬರೆಯಿರಿ.

ಸ್ಪೋಕೇನ್ ಸವಿತಾ:
ಅವರು ಹೇಳಿದ್ದು ಸರಿ. ನಾನು ಈಗ ತಾಮ್ರದ್ದೇ ಹಾಕುವುದು. ಬೆಲೆ ಜಾಸ್ತಿ, ಆದರೂ ಅದನ್ನೇ. ಮತ್ತೆ ಮೈಸೂರಿಗರೇ, ಎಚ್-1ಬಿ ಅಂದಿರಿ. ಇದನ್ನು ಯಾರೂ ಹೇಳಲಿಲ್ಲ, ಎಲ್ಲರಿಗೂ ತಮ್ಮ ಗಜದ್ದೇ ಚಿಂತೆ. ವೀಸಾದಲ್ಲಿರುವವರಿಗೆ ಕೋವಿ ಇಟ್ಟುಕೊಳ್ಳಲು ಇರುವ ದಾರಿ ಮುಖ್ಯವಾಗಿ ಒಂದೇ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ಕೊಂಡಾಗ ತೋರಿಸಿದ್ದು ಮುಗಿದಿದ್ದರೆ ಕೋವಿ ಮುಟ್ಟುವುದೇ ಅಪರಾಧ. ಗೆಳೆಯನದ್ದನ್ನು ಐದು ನಿಮಿಷ ಹಿಡಿದರೂ ಅಷ್ಟೇ. 2017ರಲ್ಲಿ ನನ್ನ ಗಂಡ ಅಂಗಡಿಯಲ್ಲಿ ಕೋವಿ ಕೊಳ್ಳುವ 4473 ಫಾರಂ ತುಂಬುವಾಗ ಲೈಸೆನ್ಸ್ ಒಂಬತ್ತು ದಿನ ಹಿಂದೆ ಮುಗಿದಿತ್ತು. ನಿಂತಲ್ಲಿಂದಲೇ ವಾಪಸ್ ಬಂದೆವು. ಹೋಟೆಲ್, ಪೆಟ್ರೋಲ್ ಸೇರಿ 430 ಡಾಲರ್ ನೀರಿಗೆ. ಆಮೇಲೆ ಗ್ರೀನ್ ಕಾರ್ಡ್ ಬರುವ ತನಕ ತಾರೀಕನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದ್ದೆ.

ಡೆನ್ವರ್ ಮೈಸೂರಿಗ:
ಅಕ್ಕ, ಈಗಲೇ ತೆಗೆದು ನೋಡಿದೆ. ಮುಗಿದಿದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕೋವಿಯ ಬಗ್ಗೆ ನಾಳೆಯೇ ವಕೀಲರನ್ನು ಕೇಳುತ್ತೇನೆ. ಸೌತ್ ಡಕೋಟಾ ಲೈಸೆನ್ಸ್ ಕೂಡ ಮಾಡಿಸುತ್ತೇನೆ. 400 ಗಜದ ಮಾತು ಮಾತ್ರ ಇನ್ನೂ ಗೊತ್ತಾಗಲಿಲ್ಲ.

ಅಯೋವಾ ಹಾಸನದವನು:
200ರಿಂದ ಶುರು ಮಾಡಿ. ಮೂರರಲ್ಲಿ ಎರಡು ಬಿದ್ದರೆ 250ಕ್ಕೆ ಹೋಗಿ. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಸ್ಕೋಪಿನ ತುಂಬ ಬಿಸಿಲ್ಗುದುರೆ ಕುಣಿಯುತ್ತದೆ. ಅದು ಓಡುವ ದಿಕ್ಕೇ ಗಾಳಿಯ ದಿಕ್ಕು, ಹುಲ್ಲಿಗಿಂತ ಅದನ್ನು ನಂಬಿ. ಸ್ಕೋಪ್ ಕೊಳ್ಳುವಾಗ ಗೆರೆ, ತಿರುಗಣೆ ಎರಡೂ ಒಂದೇ ಅಳತೆಯವಾ ಅಂತ ಮೊದಲು ಕೇಳಿ. ಆಮೇಲೆ ಬೆಲೆ. ಪೊನ್ನಂಪೇಟೆಯವರೇ, ಪ್ರತಿ ಈಡಿಗೂ ತಿದ್ದಿದೆ ಅಂದಿರಲ್ಲ, ಬರೆದಿಟ್ಟಿದ್ದೀರಾ?

ಪೊನ್ನಂಪೇಟೆ ಕೋವಿ:
ಬರೆದಿದ್ದೇನೆ. 14ನೆಯದರ ತನಕ ಎಲ್ಲಾ ಬಲಕ್ಕೆ. 15ರಿಂದ 18 ಗಾಳಿ ಸರಿ, ಎತ್ತರ ಮಾತ್ರ ತಪ್ಪು. ಪುಸ್ತಕ ಅಟ್ಟದ ಮೇಲೆ ಡಬ್ಬದಲ್ಲಿದೆ. ನಾಳೆ ಆ ಪುಟದ ಫೋಟೊ ಹಾಕುತ್ತೇನೆ. ನೋಡಿ, ಆಮೇಲೆ ಮಾತಾಡಿ.