ಸಹಾಯ ಬೇಕು: ಮಳೆ ಹಿಡಿದ ಮೇಲೆ ಗೋಬರ್ ಗ್ಯಾಸ್ ಉರಿ ನಿಲ್ತಾ ಇಲ್ಲ

ಬೆಂಗಳೂರಿನ ಕೆಲಸ ಬಿಟ್ಟು ಶಿರಸಿ ಹತ್ತಿರದ ಅಜ್ಜನ ಮನೆ ಸೇರಿ ಎರಡು ವರ್ಷ ಆಯ್ತು. ಸಿಲಿಂಡರ್ ಬೇಡವೇ ಬೇಡ ಅಂತ ಹಠ ಹಿಡಿದು 2 ಘನ ಮೀಟರ್‌ನ ದೀನಬಂಧು ಮಾದರಿ (ನೆಲದಡಿ ಗುಮ್ಮಟ ಕಟ್ಟೋ ಥರದ್ದು) ಗೋಬರ್ ಗ್ಯಾಸ್ ಕಟ್ಟಿಸಿದೆ. ಬೇಸಿಗೆ ಪೂರ್ತಿ ಅಡುಗೆ, ಕಷಾಯ ಎಲ್ಲ ಅದರಲ್ಲೇ. ಈಗ ಒಲೆ ಹಚ್ಚಿದರೆ ಉರಿ ಪುಕಪುಕ ಅಂತ ಕುಣಿದು, ಹಾಲು ಬಿಸಿಯಾಗೋ ಮೊದಲೇ ಆರಿಹೋಗುತ್ತೆ.

ಥಂಡಿಗೆ ಗ್ಯಾಸ್ ಕಮ್ಮಿ ಆಗೋದು ಗೊತ್ತು. ಅದಕ್ಕೇ ದಿನಾ 50 ಕೆಜಿ ಸಗಣಿಗೆ ಅಷ್ಟೇ ಉಗುರುಬೆಚ್ಚಗಿನ ನೀರು ಕಲಸಿ ಹಾಕ್ತಿದೀನಿ. ಪೈಪಿನ ತಗ್ಗಿನ ವಾಲ್ವ್ ಬಿಚ್ಚಿದರೆ ಒಂದು ಚೊಂಬು ನೀರು ಬಂತು. ಎರಡು ದಿನ ಚೆನ್ನಾಗಿ ಉರಿದು ಮತ್ತೆ ಅದೇ ಕತೆ. ಗ್ಯಾಸ್ ಸೋರ್ತಿದೆಯಾ ಅಂತ ಸೋಪಿನ ನೊರೆ ಹಚ್ಚಿ ನೋಡಿದೆ, ಎಲ್ಲೂ ಗುಳ್ಳೆ ಏಳಲಿಲ್ಲ. ಯೂಟ್ಯೂಬಲ್ಲಿ ಹತ್ತು ಜನ, ಹನ್ನೊಂದು ಮಾತು. (ಸರಳ ಬದುಕು ಅಂತ ಬಂದವನಿಗೆ ಕೊನೆಗೂ ಫೋನೇ ಗುರು!)

ತಲೆ ಕೆಟ್ಟಿರೋದು ಇಲ್ಲಿ: ಉರಿ ಆರ್ತಿರೋದು ಪೈಪಲ್ಲಿ ನೀರು ನಿಂತಾ, ಇಲ್ಲಾ ಮಳೆನೀರು ಗುಂಡಿಗಿಳಿದು ಸಗಣಿ ತೆಳ್ಳಗಾಗಿ ಗ್ಯಾಸೇ ಸತ್ವ ಕಳಕೊಂಡಿದೆಯಾ? ಪೈಪ್ ಅಗೆಸೋ ಖರ್ಚಿಗೆ ಇಳಿಯೋ ಮೊದಲು, ಎರಡರಲ್ಲಿ ಯಾವುದು ಅಂತ ಮನೆಯಲ್ಲೇ ಪತ್ತೆ ಹಚ್ಚೋದು ಹೇಗೆ?