ಹೊಲದ ಚಿತ್ರದಲ್ಲಿ ಜನರೂ ದನಗಳೂ ಅಂಟಿಸಿದಂತೆ ಕಾಣುತ್ತಿವೆ, ಏನು ಮಾಡಲಿ?

ಗುಡ್ಡ, ಮರ, ಹೊಲಗಳನ್ನು ತಕ್ಕಮಟ್ಟಿಗೆ ಬರೆಯಬಲ್ಲೆ. ಅವುಗಳ ನಡುವೆ ಆಳುಗಳನ್ನೂ ದನಗಳನ್ನೂ ತಂದೊಡನೆ ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಮೊದಲು ದಿಗಂತ ರೇಖೆಯನ್ನು ನೋಡಿಕೊಳ್ಳಿ. ನಾವು ಸಮತಟ್ಟಾದ ನೆಲದ ಮೇಲೆ ನಿಂತು ನೋಡುವಾಗ, ನಮ್ಮಷ್ಟೇ ಎತ್ತರದವರು ಹತ್ತು ಮಾರು ದೂರದಲ್ಲಿರಲಿ, ಇನ್ನೂರು ಮಾರು ದೂರದಲ್ಲಿರಲಿ, ಅವರ ಕಣ್ಣುಗಳು ಆ ರೇಖೆಯ ಮೇಲೆಯೇ ಬರುತ್ತವೆ. ದೂರ ಸರಿದಂತೆ ಮೇಲೇರುವುದು ಪಾದಗಳು ಮಾತ್ರ. ದನದ ಬೆನ್ನು ಸುಮಾರಾಗಿ ಆಳಿನ ಎದೆಮಟ್ಟಕ್ಕೆ ಬರುವುದರಿಂದ ಅದು ರೇಖೆಗಿಂತ ತುಸು ಕೆಳಗೇ ಉಳಿಯುತ್ತದೆ. ಗುಡ್ಡದ ಮೇಲಿನಿಂದ ನೋಡಿದ ದೃಶ್ಯವಾದರೆ ಎಲ್ಲರ ತಲೆಗಳೂ ದಿಗಂತದ ಕೆಳಗಿರುತ್ತವೆ. ಇದನ್ನು ತಿಳಿಯದೆ ನಾನು ಎರಡು ವರ್ಷ ಬಣ್ಣವನ್ನೇ ದೂರುತ್ತಿದ್ದೆ.

ಉತ್ತರ 2: ಅಳತೆ ಸರಿಯಾದರೂ ನನ್ನ ಎಮ್ಮೆಗಳು ಬಹುಕಾಲ ನಾಲ್ಕು ಕಾಲಿನ ಮಂಚದಂತೆಯೇ ನಿಂತಿದ್ದವು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಕೀಲನ್ನು ಮೊಣಕಾಲೆಂದು ಭಾವಿಸಿದ್ದೇ ತಪ್ಪು. ಅದು ನಮ್ಮ ಹಿಮ್ಮಡಿಗೆ ಸಮ, ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕದಲ್ಲಿರುತ್ತದೆ. ಮೇಯುತ್ತಿರುವ ದನವನ್ನು ನೋಡಿ ಬರೆಯುವಾಗ ಒಂದೇ ಹಾಳೆಯಲ್ಲಿ ನಾಲ್ಕೈದು ಅರೆಬರೆ ಸ್ಕೆಚ್‌ಗಳನ್ನು ಆರಂಭಿಸಿಡಿ. ಅದು ಕತ್ತೆತ್ತಿದರೆ ಬೇರೊಂದಕ್ಕೆ ಹೋಗಿ. ಸ್ವಲ್ಪ ಹೊತ್ತಿಗೆ ಮತ್ತೆ ಹಳೆಯ ಭಂಗಿಗೇ ಬರುತ್ತದೆ.

ಉತ್ತರ 3: ನೆರಳನ್ನು ಯಾರೂ ಹೇಳಲಿಲ್ಲ. ಗೊರಸು ನೆಲಕ್ಕೆ ತಾಗುವಲ್ಲಿ ನೆರಳು ಅತ್ಯಂತ ಗಾಢವಾಗಿರಬೇಕು, ಅದರ ಮೇಲೆ ಹುಲ್ಲಿನ ಎರಡು ಗೀರುಗಳು ಹಾಯಬೇಕು. ಆಗ ದನ ಗಾಳಿಯಲ್ಲಿ ತೇಲುವುದಿಲ್ಲ. ಹೊಲವೆಲ್ಲ ಒಣಗಿದ ಮೇಲೆ ಆಳುಗಳನ್ನು ಸೇರಿಸುವ ಅಭ್ಯಾಸವನ್ನಂತೂ ಬಿಡಿ. ಹೊಲಕ್ಕೆ ಬಳಸಿದ ಹಳದಿಯೂ ಆಕಾಶದ ನೀಲಿಯೂ ಅವರ ಬಟ್ಟೆಯಲ್ಲಿ ಸ್ವಲ್ಪ ಬೆರೆಯಲಿ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಪೂರ್ಣಗೊಳಿಸಿದ ‘ದಿ ಹೇ ವೇನ್’ (ಹುಲ್ಲಿನ ಬಂಡಿ) ಚಿತ್ರವನ್ನು ಗಮನಿಸಿ: ದಡದಲ್ಲಿರುವ ನಾಯಿ ನೀರಿನಲ್ಲಿರುವ ಬಂಡಿಯತ್ತ ಮುಖಮಾಡಿದೆ, ನಮ್ಮ ಕಣ್ಣೂ ಅದರ ಹಿಂದೆಯೇ ಹೋಗುತ್ತದೆ. ಅಷ್ಟು ದೊಡ್ಡ ಚಿತ್ರಕ್ಕೆ ಆತ ಅದೇ ಅಳತೆಯ ತೈಲವರ್ಣದ ಸ್ಕೆಚ್ಚನ್ನು ಮೊದಲೇ ಮಾಡಿಕೊಂಡಿದ್ದ. ನಮಗೆ ಅಂಗೈಯಗಲದ್ದು ಸಾಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಹಳೆಯ ಚಿತ್ರದ ದಿಗಂತಕ್ಕೆ ಸ್ಕೇಲ್ ಹಿಡಿದು ನೋಡಿದೆ. ಹಿಂದಿನ ಸಾಲಿನ ಆಳಿನ ತಲೆ ಎರಡು ಬೆರಳಿನಷ್ಟು ಕೆಳಗಿದೆ. ಇಷ್ಟು ದಿನ ಅವನು ಹಳ್ಳದಲ್ಲಿ ನಿಂತು ಕಳೆ ಕೀಳುತ್ತಿದ್ದನೆಂದು ಈಗ ತಿಳಿಯಿತು.