ಹಗಲು ಹೊತ್ತು ಕಿಟಕಿ ತೆರೆಯಬೇಡ

ಪುಟ್ಟಿ, ನೀನು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಈಗಷ್ಟೇ ನೋಡಿದೆ. ಪ್ಯಾರಿಸ್ಸಿನಲ್ಲಿ ನಾಳೆಯಿಂದ ನಾಲ್ಕು ದಿನ 39 ಡಿಗ್ರಿ ಬಿಸಿಲೆಂದು ಎಚ್ಚರಿಕೆ ಕೊಟ್ಟಿದ್ದಾರೆ, ಮನೆಯಲ್ಲಿ ಏಸಿ ಇಲ್ಲ, ನೀವಿಬ್ಬರೂ ಕೆಲಸಕ್ಕೆ ಹೋದರೆ ಅಮ್ಮ ಒಬ್ಬಳೇ ಇರುತ್ತಾಳೆ, ಏನು ಮಾಡಲಿ ಎಂದು ಕೇಳಿದ್ದೀಯೆ. ಅದಕ್ಕೆ ನಿನ್ನ ಮಾವಂದಿರಲ್ಲಿ ಒಬ್ಬ ನಗುವ ಮುಖ ಹಾಕಿದ್ದಾನೆ. ಇನ್ನೊಬ್ಬ ‘ಕಿಟಕಿಗಳನ್ನೆಲ್ಲ ತೆರೆದಿಡು, ಗಾಳಿಯಾಡಲಿ’ ಎಂದು ಬರೆದಿದ್ದಾನೆ. ಧ್ವನಿ ಸಂದೇಶ ಕಳಿಸಿದರೆ ನೀವು ಯಾರೂ ಕೊನೆಯವರೆಗೆ ಕೇಳುವುದಿಲ್ಲವೆಂಬುದು ನನಗೆ ಗೊತ್ತು. ಆದ್ದರಿಂದ ಕೂತು ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಮೊದಲು ಒಂದು ಮಾತು: ಹಗಲು ಹೊತ್ತು ಕಿಟಕಿ ತೆರೆಯಬೇಡ. ಈ ಮಾತನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ. 2003ರ ಆಗಸ್ಟಿನಲ್ಲಿ, ಅದೇ ಊರಿನಲ್ಲಿ, ನಾನೇ ಕೈಯಾರೆ ತೆರೆದ ಕಿಟಕಿಗಳಿಂದ ನಿಮ್ಮ ದೊಡ್ಡಪ್ಪನವರನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಆಗ ನನ್ನ ಮಗ, ಅಂದರೆ ನಿಮ್ಮಣ್ಣ, ಅಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವನ ಮನೆ ಹಳೆಯ ಕಲ್ಲಿನ ಕಟ್ಟಡವೊಂದರ ಆರನೆಯ ಮಹಡಿಯಲ್ಲಿತ್ತು, ತಲೆಯ ಮೇಲೆ ನೇರವಾಗಿ ಸತುವಿನ ತಗಡಿನ ಛಾವಣಿ. ಆ ಛಾವಣಿ ಹೊದಿಸುವ ಕಸುಬಿಗೆ 2024ರಲ್ಲಿ ಯುನೆಸ್ಕೋದವರು ಮನ್ನಣೆ ಕೊಟ್ಟರಂತೆ. ಆಗಸ್ಟಿನಲ್ಲಿ ಅದರ ಕೆಳಗೆ ಮಲಗಿದವರಿಗೂ ಒಂದು ಕೊಡಬಹುದಿತ್ತು. ಚಳಿಗಾಲದಲ್ಲಿ ಶಾಖ ಹೊರಗೆ ಹೋಗದಿರಲೆಂದು ಕಟ್ಟಿದ ಮನೆಗಳು ಅವು. ಸೆಕೆ ಒಳಗೆ ಹೊಕ್ಕಿತೆಂದರೆ ಅದನ್ನೂ ಅಷ್ಟೇ ಭದ್ರವಾಗಿ ಹಿಡಿದಿಟ್ಟುಕೊಳ್ಳುತ್ತವೆ.

ಮಗ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕಿಟಕಿಯನ್ನೂ ಅದರ ಹೊರಗಿನ ಮರದ ಪಟ್ಟಿಯ ಬಾಗಿಲನ್ನೂ ಮುಚ್ಚಿ, ತೆರೆಯಬೇಡಿ ಎಂದು ಹೇಳಿ ಹೋಗುತ್ತಿದ್ದ. ಬಸವನಗುಡಿಯಲ್ಲಿ ಬೆಳೆದ ನನಗೆ ಹಗಲಿನಲ್ಲಿ ಕತ್ತಲೆ ಮಾಡಿಕೊಂಡು ಕೂರುವುದು ಸೂತಕದ ಮನೆಯಂತೆ ಕಾಣಿಸಿತು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಮನೆಯ ಮುಂದೆ ಹೊಂಗೆಯ ನೆರಳಿತ್ತು; ಎಂತಹ ಏಪ್ರಿಲ್ಲಿನಲ್ಲೂ ಕಿಟಕಿ ತೆರೆದರೆ ಒಂದಿಷ್ಟು ತಂಗಾಳಿ ಬರುತ್ತಿತ್ತು. ಅದೇ ಲೆಕ್ಕವನ್ನು ಅಲ್ಲಿಗೂ ಹಾಕಿ, ಅವನು ಮೆಟ್ಟಿಲಿಳಿದ ಕೂಡಲೇ ಎಲ್ಲವನ್ನೂ ತೆರೆದುಬಿಡುತ್ತಿದ್ದೆ. ಹೊರಗಿನ ಗಾಳಿ ಒಳಗಿನದಕ್ಕಿಂತ ಹತ್ತು ಡಿಗ್ರಿ ಹೆಚ್ಚು ಕಾದಿರುವಾಗ ಕಿಟಕಿ ತೆರೆಯುವುದೆಂದರೆ ಒಲೆಯ ಬಾಯಿಯನ್ನು ಮನೆಯ ಕಡೆಗೆ ತಿರುಗಿಸಿದಂತೆ ಎಂಬುದು ನನಗೆ ಹೊಳೆಯಲೇ ಇಲ್ಲ.

ನಿಮ್ಮ ದೊಡ್ಡಪ್ಪನವರಿಗೆ ಬಿ.ಪಿ. ಇತ್ತು, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ನುಂಗುತ್ತಿದ್ದರು. ರಾತ್ರಿ ಪದೇಪದೇ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನು ಬೇರೆ ಕಡಿಮೆ ಮಾಡಿದ್ದರು. ಹೀಗೆ ನಾಲ್ಕೈದು ದಿನ ಕಳೆಯಿತು. ಕತ್ತಲಾದ ಮೇಲೂ ಗೋಡೆ ಮುಟ್ಟಿದರೆ ಕಾದ ಕಾವಲಿಯಂತಿತ್ತು. ಒಂದು ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಅವರು ಕುರ್ಚಿಯಿಂದೆದ್ದು, ‘ಚೀಲ ಕೊಡು, ಗಾಂಧಿ ಬಜಾರಿಗೆ ಹೋಗಿ ಅವರೆಕಾಯಿ ತರುತ್ತೇನೆ’ ಎಂದರು. ಅವರ ತಮಾಷೆಯ ಸ್ವಭಾವ ನಿಮಗೆಲ್ಲ ಗೊತ್ತು. ಆಗಸ್ಟಿನಲ್ಲಿ ಯಾವ ಅವರೆಕಾಯಿ ಎಂದು ನಾನೂ ನಕ್ಕೆ. ಆ ನಗುವಿನಲ್ಲಿ ಅರ್ಧ ಗಂಟೆ ಹೋಯಿತು. ಆಮೇಲೆ ಮುಟ್ಟಿ ನೋಡಿದರೆ ಮೈ ಕೆಂಡದಂತಿದೆ, ಒಂದು ಹನಿ ಬೆವರಿಲ್ಲ. ಜ್ವರವೆಂದು ತಿಳಿದು ಪ್ಯಾರಾಸಿಟಮಾಲ್ ಕೊಟ್ಟೆ. ಬಿಸಿಲಿನಿಂದ ಏರಿದ ಕಾವಿಗೆ ಆ ಮಾತ್ರೆ ಏನೂ ಮಾಡುವುದಿಲ್ಲವೆಂದು ಆಮೇಲೆ ವೈದ್ಯರಿಂದ ಬೈಸಿಕೊಂಡೆ.

ಉಳಿಸಿದ್ದು ಎದುರುಮನೆಯ ಮುದುಕಿ. ಆಕೆಗೆ ಇಂಗ್ಲಿಷ್ ಬಾರದು, ನನಗೆ ಫ್ರೆಂಚ್ ಬಾರದು. ನನ್ನ ಕೂಗು ಕೇಳಿ ಬಂದವಳು ಮೊದಲು ಕಿಟಕಿಗಳನ್ನು ದಡಾರನೆ ಮುಚ್ಚಿದಳು, ಅವರನ್ನು ನೆಲದ ಮೇಲೆ ಮಲಗಿಸಿ ಒದ್ದೆ ಬೆಡ್‌ಶೀಟ್ ಹೊದಿಸಿದಳು, ಕಂಕುಳಿಗೂ ಕುತ್ತಿಗೆಗೂ ಐಸ್ ಒತ್ತಿದಳು, ನನ್ನ ಕೈಯಲ್ಲಿ ರಟ್ಟು ಕೊಟ್ಟು ಬೀಸು ಎಂದು ಸನ್ನೆ ಮಾಡಿ, ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಸ್ಪತ್ರೆಯ ಓಣಿಯಲ್ಲೆಲ್ಲ ಮಂಚಗಳು, ಮಂಚಗಳ ಮೇಲೆಲ್ಲ ನಮ್ಮಂಥ ವಯಸ್ಸಾದವರು. ಆ ಬೇಸಗೆಯಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ತೀರಿಕೊಂಡರು. ಹೆಚ್ಚಿನವರು ಮುದುಕ ಮುದುಕಿಯರು, ಮನೆಯಲ್ಲಿ ಒಂಟಿಯಾಗಿದ್ದವರೂ ಅವರಲ್ಲಿ ಬಹಳ. ನಿಮ್ಮ ದೊಡ್ಡಪ್ಪ ಆರನೆಯ ದಿನ ಮನೆಗೆ ಬಂದರು, ಮತ್ತೆ ಹನ್ನೊಂದು ವರ್ಷ ಬದುಕಿದರು. ಅಂದಿನಿಂದ ಅವರೆಕಾಯಿ ಸುಲಿಯುವಾಗಲೆಲ್ಲ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ನಿನ್ನ ಮಾವ ಏನೇ ಬರೆಯಲಿ, ಹಗಲು ಹೊತ್ತು ಕಿಟಕಿ ತೆರೆಯಬೇಡ.

ಹಾಗೆಂದು ಅವನನ್ನು ದೂರಿ ಏನು ಪ್ರಯೋಜನ, ಅವನ ತಲೆಯಲ್ಲಿ ಇನ್ನೂ ನಮ್ಮಪ್ಪನ ಮನೆಯ ಕಿಟಕಿಗಳೇ ಇವೆ. ಹಾಗಿದ್ದರೆ ಆ ಮನೆಯನ್ನು ಬಿಲ್ಡರನಿಗೆ ಕೊಡುವ ಕಾಗದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿದ್ದೇಕೆ ಎಂದು ಮಾತ್ರ ಕೇಳಬೇಕೆನಿಸುತ್ತದೆ. ಮರದ ತೊಲೆ, ಅದರ ಮೇಲೆ ನಿಲ್ಲಿಸಿ ಜೋಡಿಸಿದ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ. ಕೆಳಗೆ ಕೆಂಪು ನೆಲ. ಮೇ ತಿಂಗಳಿನಲ್ಲಿ ಆ ನೆಲದ ಮೇಲೆ ಬರಿಮೈಯಲ್ಲಿ ಮಲಗಿ ನಿದ್ದೆ ಹೋಗುತ್ತಿದ್ದವರು ನೀವೇ ಅಲ್ಲವೇ? ಈಗ ಆ ಜಾಗದಲ್ಲಿ ಗಾಜಿನ ಮುಖದ ನಾಲ್ಕು ಮಹಡಿ ಎದ್ದಿದೆ, ಹೊಂಗೆಯ ಮರ ಪಾರ್ಕಿಂಗಿಗೆ ಹೋಯಿತು, ನನ್ನ ಪಾಲಿಗೆ ಬಂದದ್ದು ಪಶ್ಚಿಮಕ್ಕೆ ಮುಖ ಮಾಡಿದ ಫ್ಲಾಟು. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ 38.5 ಡಿಗ್ರಿಯಾದ ದಿನ ರಾತ್ರಿ ಹನ್ನೆರಡಾದರೂ ಗೋಡೆ ಆರಿರಲಿಲ್ಲ. ನನಗೆ ಪ್ಯಾರಿಸ್ಸಿನ ಗೋಡೆಯೇ ನೆನಪಾಯಿತು. ಅಂದೇ ಈ ಗುಂಪಿನಲ್ಲಿ ಬರೆದಿದ್ದೆ. ಆಗಲೂ ನಗುವ ಮುಖವೇ ಬಂದಿತ್ತು.

ಇರಲಿ. ನೀನು ಕೇಳಿದ್ದು ಏನು ಮಾಡಲಿ ಎಂದಲ್ಲವೇ, ಅದನ್ನು ಹೇಳುವುದೇ ಉಳಿಯಿತು. ಬಿಸಿಲು ಗೋಡೆಗೆ ತಾಗುವ ಮೊದಲೇ ಗಾಜನ್ನೂ ಹೊರಗಿನ ಪಟ್ಟಿಬಾಗಿಲನ್ನೂ ಮುಚ್ಚು. ಒಳಗಿನ ಪರದೆಯೊಂದೇ ಸಾಲದು, ಗಾಜು ದಾಟಿ ಬಂದ ಬಿಸಿಲು ಆಗಲೇ ಮನೆಯೊಳಗಿನ ಸೊತ್ತು. ಹೊರಗೆ ಒಳಗಿಗಿಂತ ತಂಪಾದ ಮೇಲೆ, ಅಂದರೆ ತಡರಾತ್ರಿಯಿಂದ ಬೆಳಗಿನ ಜಾವದವರೆಗೆ, ಎರಡು ದಿಕ್ಕಿನ ಕಿಟಕಿಗಳನ್ನೂ ಪೂರ್ತಿ ತೆರೆ. ಫ್ಯಾನ್ ಇರಲಿ, ಆದರೆ ಕೋಣೆಯೇ 40 ಡಿಗ್ರಿಗೆ ಬಂದರೆ ಅದು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಕೈಕಾಲು, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿಕೊಳ್ಳಲಿ. ಬಾಯಾರಿಕೆಗೆ ಕಾಯದೆ ನೀರು, ನೀರುಮಜ್ಜಿಗೆ ಕುಡಿಯುತ್ತಿರಲಿ. ಭೇದಿಯೋ ತುಂಬಾ ಬೆವರೋ ಆಗಿ ಸುಸ್ತಾದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಟೀ ಚಮಚದಲ್ಲಿ ಸಮಮಟ್ಟಕ್ಕೆ. ಮಧ್ಯಾಹ್ನ ಮನೆ ತೀರಾ ಕಾದರೆ, ನಿಮ್ಮ ಬಡಾವಣೆಯ ಪುರಸಭೆಯ ಕಚೇರಿಯಲ್ಲಿ ತಂಪು ಕೋಣೆ ತೆರೆದಿರುತ್ತಾರೆ, ವಿಚಾರಿಸಿಕೋ. ಇಲ್ಲವಾದರೆ ಏಸಿ ಇರುವ ಲೈಬ್ರರಿಯಾದರೂ ಆಗುತ್ತದೆ.

ಎರಡು ಗಂಟೆಗೊಮ್ಮೆ ಅಮ್ಮನಿಗೆ ಫೋನ್ ಮಾಡು. ಚೆನ್ನಾಗಿದ್ದೀಯಾ ಎಂದು ಕೇಳಬೇಡ, ನನ್ನ ತಂಗಿ ಉಸಿರು ಹೋಗುವಾಗಲೂ ಚೆನ್ನಾಗಿದ್ದೇನೆ ಎನ್ನುವವಳು. ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂಡಿ ಎಂದು ಕೇಳು. ಉತ್ತರ ತಪ್ಪಿದರೆ, ಮಾತು ತೊದಲಿದರೆ ನನ್ನ ಹಾಗೆ ನಗುತ್ತಾ ಕೂರಬೇಡ. ತಕ್ಷಣ 15ಕ್ಕೋ 112ಕ್ಕೋ ಫೋನ್ ಮಾಡು, ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡ, ಮೈ ತಣ್ಣಗೆ ಮಾಡು. ಎದುರುಮನೆಯವರಿಗೆ ಇವತ್ತೇ ಒಂದು ಬೀಗದ ಕೈ ಕೊಟ್ಟಿರು.

ನಿನ್ನ ಅಮ್ಮನಿಗೂ ಬಿ.ಪಿ. ಮಾತ್ರೆ ಇದೆಯಲ್ಲ. ತಾನಾಗಿ ನಿಲ್ಲಿಸುವುದು ಬೇಡ, ಆದರೆ ಅದರಲ್ಲಿ ನೀರಿನ ಮಾತ್ರೆ ಇದೆಯೇ ಎಂದು ನೋಡಬೇಕು. ಸ್ಟ್ರಿಪ್ಪಿನ ಹಿಂಬದಿಯ ಹೆಸರು ಕಾಣುವಂತೆ ಫೋಟೋ ತೆಗೆದು ಈಗಲೇ ಕಳಿಸು. ಸಂಜೆ ಆರಕ್ಕೆ ನನ್ನ ಮಂಡಿಯನ್ನು ತೋರಿಸಲು ಡಾಕ್ಟರ ಹತ್ತಿರ ಹೋಗುತ್ತೇನೆ, ಕೇಳಿಕೊಂಡು ಬರುತ್ತೇನೆ. ನಿಮಗಾಗ ಮಧ್ಯಾಹ್ನ ಎರಡೂವರೆ, ಫೋನ್ ಕೈಯಲ್ಲೇ ಇರಲಿ.